ಪ್ರಿಂಟ್ ಅಂದರೆ ಒತ್ತು!

(ಹುಬ್ಬಳ್ಳಿಯ ಕನ್ನಡ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಪೂರ್ಣಪಾಠ)



ಕನ್ನಡದ ವೇದಿಕೆಗೆ ಕರೆದು ಕೈಗೆ ಮೈಕು ಕೊಟ್ಟೀರಿ. ನಾನು ಮಾತಾಡಲಿಕ್ಕೆ ಹೊರಟಿದ್ದು ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ! ಕೆಲವರ ಹುಬ್ಬು ಆಗಲೇ ಮೇಲೆ ಹೋದವು. ಸ್ವಲ್ಪ ತಾಳ್ರಿ. ನಾನು ಓದಿದ್ದು ಪಿಯುಸಿ. ಭಾಷಾಶಾಸ್ತ್ರದ ಪಂಡಿತ ಅಲ್ಲ. ಆದರೆ ನನ್ನ ಮನೆಯ ಒಲೆ ಉರಿಯುವುದು ಒಂದೇ ಒಂದು ಶಬ್ದದ ಮೇಲೆ. ಆ ಶಬ್ದ ‘ಪ್ರಿಂಟ್’. ಬೆಳಗಿನಿಂದ ರಾತ್ರಿಯವರೆಗೆ ಅದೇ ಕಿವಿಗೆ ಬೀಳುತ್ತದೆ. ‘ಅಣ್ಣಾರ, ಇದೊಂದು ಪ್ರಿಂಟ್ ತಗದು ಕೊಡ್ರಿ’, ‘ಎರಡು ಸಾವಿರ ಪ್ರಿಂಟ್ ಹಾಕ್ರಿ’, ‘ಪ್ರಿಂಟ್ ಛಲೋ ಬಂದಿಲ್ಲ ಬಿಡ್ರಿ’. ಅನ್ನ ಕೊಡುವ ಶಬ್ದದ ಕುಲಗೋತ್ರ ಏನು ಅಂತ ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯ ಸಂಗತಿ ಕೇಳಿರಿ. ‘ಪ್ರಿಂಟ್’ ಇಂಗ್ಲಿಷರ ಸ್ವಂತ ಶಬ್ದವೇ ಅಲ್ಲ!

ಲ್ಯಾಟಿನ್ ಭಾಷೆಯಲ್ಲಿ ‘ಪ್ರೆಮೆರೆ’ ಅಂತ ಒಂದು ಕ್ರಿಯಾಪದ. ಅರ್ಥ ಬಹಳ ಸರಳ: ಒತ್ತು, ಅದುಮು. ಅದು ಫ್ರಾನ್ಸಿನ ಜನರ ಬಾಯಲ್ಲಿ ಸವೆಯಿತು. ‘ಒತ್ತಿದ್ದು’, ‘ಒತ್ತಿದ ಗುರುತು’ ಎಂಬ ಅರ್ಥದಲ್ಲಿ ಹಳೆಯ ಫ್ರೆಂಚಿನಲ್ಲಿ ‘ಪ್ರೇಂತ’ ಅಂತ ಆಯಿತು. ೧೦೬೬ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ. ಅವನ ಹಿಂದೆ ಅವನ ಸರದಾರರು ಬಂದರು, ಅವರ ಜತೆಗೆ ಅವರ ಭಾಷೆ ಬಂತು. ಆಮೇಲೆ ಆ ದಾರಿಯಲ್ಲಿ ಬಂದ ಸಾವಿರಾರು ಶಬ್ದಗಳಲ್ಲಿ ಇದೂ ಒಂದು. ಇಂಗ್ಲೆಂಡಿನಲ್ಲಿ ಅದಕ್ಕೆ ಮೊದಲು ಇದ್ದ ಅರ್ಥ ಏನು ಗೊತ್ತೇನು? ಮೇಣದ ಮೇಲೆ ಮುದ್ರೆ ಒತ್ತಿದಾಗ ಬೀಳುವ ಗುರುತು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಈ ಶಬ್ದವನ್ನು ಬಳಸಿದ್ದಾನೆ, ಸೀಲಿನ ಗುರುತು ಎಂಬ ಅರ್ಥದಲ್ಲಿಯೇ. ಆಗ ಇಂಗ್ಲೆಂಡಿನಲ್ಲಿ ಒಂದೇ ಒಂದು ಮುದ್ರಣಯಂತ್ರ ಇರಲಿಲ್ಲ. ಜರ್ಮನಿಯ ಗುಟೆನ್‌ಬರ್ಗ್ ಮೊಳೆ ಜೋಡಿಸಿ ಬೈಬಲ್ ಅಚ್ಚು ಹಾಕಿದ್ದು ಸುಮಾರು ೧೪೫೫ರಲ್ಲಿ. ವಿಲಿಯಂ ಕ್ಯಾಕ್ಸ್‌ಟನ್ ಎಂಬ ವ್ಯಾಪಾರಿ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಪ್ರೆಸ್ ಹಾಕಿದ್ದು ೧೪೭೬ರಲ್ಲಿ. ಅಂದರೆ ಶಬ್ದ ಮೊದಲು ಬಂತು, ಯಂತ್ರ ಆಮೇಲೆ! ಹೊಸ ಯಂತ್ರ ಬಂದಾಗ ಮನೆಯಲ್ಲಿ ಬಿದ್ದಿದ್ದ ಹಳೆಯ ಶಬ್ದವನ್ನೇ ಎತ್ತಿ ಅದಕ್ಕೆ ಹಚ್ಚಿದರು.

‘ಪ್ರೆಸ್’ ಅನ್ನುವುದೂ ಅದೇ ತಾಯಿಯ ಮಗು. ಹಾಗಾದರೆ ನನ್ನ ಅಂಗಡಿಯ ಬೋರ್ಡಿನ ಮೇಲಿರುವ ‘ಪ್ರಿಂಟಿಂಗ್ ಪ್ರೆಸ್’ ಅಂದರೆ ಏನಾಯಿತು? ಒತ್ತುವ ಒತ್ತು! ನಿಮ್ಮ ತಂದೆಯವರ ಬಿ.ಪಿ.ಯಲ್ಲಿರುವ ಪ್ರೆಷರ್, ಅಡುಗೆಮನೆಯ ಪ್ರೆಷರ್ ಕುಕ್ಕರ್, ಸಂದರ್ಶನಕ್ಕೆ ಹೋದಾಗ ನೀವು ಮಾಡಲಿಕ್ಕೆ ಒದ್ದಾಡುವ ಇಂಪ್ರೆಷನ್, ನಮ್ಮೂರಿನ ಮೇಲೆ ಓಡುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್, ಎಲ್ಲಾ ಒಂದೇ ಬಳಗ.

ಈಗ ಕನ್ನಡಕ್ಕೆ ಬರ್ರಿ. ನಮ್ಮ ಹಳ್ಳಿಯ ಓದು ಬಾರದ ರೈತ ಸಾಲದ ಪತ್ರಕ್ಕೆ ಏನು ಮಾಡುತ್ತಿದ್ದ? ಹೆಬ್ಬೆಟ್ಟು ಒತ್ತುತ್ತಿದ್ದ. ರೋಮಿನವರು ಹೇಳಿದ್ದನ್ನೇ ನಮ್ಮ ರೈತ ತನ್ನ ಭಾಷೆಯಲ್ಲಿ, ಯಾರನ್ನೂ ಕೇಳದೆ, ಹೇಳಿದ್ದ! ಇನ್ನು ‘ಅಚ್ಚು’. ಗೌರಿ ಹುಣ್ಣಿವಿಗೆ ನಮ್ಮ ಮನೆಗಳಲ್ಲಿ ಸಕ್ಕರಿ ಆರತಿ ಮಾಡುತ್ತಾರಲ್ಲ, ಆ ಕಟ್ಟಿಗೆಯ ಅಚ್ಚು ನೋಡೀರೇನು? ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ನವಿಲು. ಬೆಲ್ಲಕ್ಕೂ ಅಚ್ಚು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಇರುವ ನಮ್ಮ ದ್ರಾವಿಡ ಶಬ್ದ ಅದು. ಈ ‘ಅಚ್ಚು’ ಮತ್ತು ಆ ‘ಒತ್ತು’ ಕೂಡಿದರೆ ‘ಅಚ್ಚೊತ್ತು’. ಮನಸ್ಸಿನಲ್ಲಿ ಅಚ್ಚೊತ್ತಿತು ಅನ್ನುತ್ತೇವೆ. ಇಂಗ್ಲಿಷಿನವ ‘ಇಂಪ್ರೆಸ್’ ಅಂದದ್ದೂ ಅದನ್ನೇ, ಅದೇ ಹೋಲಿಕೆ. ಕನ್ನಡದಲ್ಲಿ ಶಬ್ದ ಇಲ್ಲ, ಕನ್ನಡ ಬಡವ ಅನ್ನುವವರು ಬರಲಿ ನನ್ನ ಪ್ರೆಸ್ಸಿಗೆ! ಅಚ್ಚುಮೊಳೆ ಇತ್ತು. ಕಲ್ಲಿನ ಮೇಲೆ ಬರೆದು ಒತ್ತಿದರೆ ಕಲ್ಲಚ್ಚು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದೇ. ತಿದ್ದಲಿಕ್ಕೆ ತೆಗೆದ ಪ್ರತಿ ಕರಡಚ್ಚು. ಮೈಸೂರು ಕಡೆಯವರಿಗೆ ಪ್ರೆಸ್ ಅಂದರೆ ಅಚ್ಚುಕೂಟ. ನಮ್ಮ ಕಡೆ ಹಿರಿಯರು ಛಾಪಖಾನೆ ಅನ್ನುತ್ತಿದ್ದರು.

ಆ ಛಾಪಖಾನೆಯ ಮೇಲೆ ಒಂದು ಮಾತು ಹೇಳಲೇಬೇಕು. ನಾವು ಮುಂಬಯಿ ಪ್ರಾಂತದಲ್ಲಿ ಇದ್ದವರು. ಧಾರವಾಡ ಜಿಲ್ಲೆಯಲ್ಲೇ ಕಚೇರಿ, ಸಾಲಿ ಎರಡರಲ್ಲೂ ಮರಾಠಿಯ ದರ್ಬಾರು ನಡೆದ ಕಾಲ ಇತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಸಾಲಿಗಳಿಗಾಗಿ ಬಡಿದಾಡಿದ್ದು, ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಆ ದರ್ಬಾರಿನ ನಡುವೆ. ‘ಛಾಪ’ ಆ ಕಾಲದಲ್ಲಿ ಮರಾಠಿ, ಹಿಂದಿಯ ದಾರಿಯಿಂದ ಬಂದ ಶಬ್ದ. ಇವತ್ತಿಗೂ ಸಬ್ ರಜಿಸ್ಟ್ರಾರ್ ಕಚೇರಿಯ ಮುಂದೆ ‘ಛಾಪಾ ಕಾಗದ’ ಅಂತ ಉಳಿದಿದೆ. ಆದರೆ ಆಗಿನ ನಮ್ಮವರು ಅದನ್ನು ಹೇಗೆ ಬಳಸಿದರು ನೋಡ್ರಿ: ‘ಛಾಪಿಸು’! ಪರರ ಶಬ್ದದ ಹಿಂದೆ ಕನ್ನಡದ ‘ಇಸು’ ಹಚ್ಚಿದರು. ಮುಗಿಯಿತು, ಆ ಶಬ್ದ ಕನ್ನಡದ ಆಳು ಆಯಿತು. ಛಾಪಿಸಿದ, ಛಾಪಿಸಿದಳು, ಛಾಪಿಸುತ್ತಾರೆ, ಛಾಪಿಸಲಿಲ್ಲ. ಕನ್ನಡ ಹೇಳಿದ ಹಾಗೆ ಕುಣಿಯಬೇಕು.

ಇದೇ ನಾನು ನಿಮಗೆ ತೋರಿಸಬೇಕೆಂದಿದ್ದ ಜಾಗ. ನಿಲ್ಲಿರಿ ಸ್ವಲ್ಪ ಇಲ್ಲಿ.

‘ಖರೀದಿಸು’ ಅನ್ನುತ್ತೀರಿ. ಖರೀದಿ ಪಾರಸಿ. ‘ತಯಾರಿಸು’ ಅನ್ನುತ್ತೀರಿ. ತಯಾರು ಅರಬ್ಬಿಯಿಂದ ಪಾರಸಿಯ ಮೂಲಕ ಬಂತು. ‘ನಮೂದಿಸು’, ‘ರವಾನಿಸು’ ಪಾರಸಿ. ‘ಬದಲಾಯಿಸು’ ಅರಬ್ಬಿಯ ಬದಲ್. ‘ಚಲಾಯಿಸು’ ಹಿಂದಿ. ‘ಮುದ್ರಿಸು’ ಸಂಸ್ಕೃತದ ಮುದ್ರೆ. ಮುದ್ರೆ ಅಂದರೂ ಮೊದಲು ಸೀಲೇ, ಇಂಗ್ಲೆಂಡಿನಲ್ಲಿ ಆದದ್ದೇ ಇಲ್ಲಿಯೂ ಆಗಿದೆ. ಎಷ್ಟು ಸುಲ್ತಾನರು, ಎಷ್ಟು ಪೇಶ್ವೆಗಳು ಬಂದು ಹೋದರು! ಆದರೆ ಅವರ ಶಬ್ದಗಳು ನಮ್ಮ ಮನೆಯೊಳಗೆ ಬರಬೇಕಾದರೆ ಬಾಗಿಲಲ್ಲಿ ‘ಇಸು’ ಎಂಬ ಅಂಗಿ ತೊಟ್ಟುಕೊಂಡೇ ಬರಬೇಕಾಯಿತು. ಖರ್ಚು ಮಾಡು, ವಸೂಲು ಮಾಡು ಅಂತ ‘ಮಾಡು’ ಹಚ್ಚುವ ದಾರಿಯೂ ಹಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡೂ ದಾರಿ ತೆರೆದಿದ್ದವು. ಇಂಗ್ಲಿಷ್ ಬಂದ ಮೇಲೆ ಒಂದು ದಾರಿಯಲ್ಲಿ ಹುಲ್ಲು ಬೆಳೆಯಿತು. ಪ್ರಿಂಟ್ ಮಾಡು, ಡಿಸೈನ್ ಮಾಡು, ಅಪ್ರೂವ್ ಮಾಡು, ಡೆಲಿವರ್ ಮಾಡು. ಕನ್ನಡಕ್ಕೆ ಉಳಿದ ಕೆಲಸ ಒಂದೇ, ‘ಮಾಡು’! ಇಂಗ್ಲಿಷ್ ಸಾಹೇಬ ಮುಂದೆ ಕೈಬೀಸಿ ನಡೆಯುತ್ತಾನೆ, ಕನ್ನಡ ಹಿಂದೆ ಗಂಟು ಹೊತ್ತು ಬರುತ್ತದೆ. ಇತ್ತೀಚೆಗೆ ಯಾರೋ ಪುಣ್ಯಾತ್ಮರು ‘ಟೈಪಿಸು’ ಅಂದರು, ‘ಫೋಟೊ ಕ್ಲಿಕ್ಕಿಸು’ ಅಂದರು. ಪೇಪರಿನಲ್ಲಿ ಓದಿದಾಗ ನನಗೆ ಬಹಳ ಖುಷಿ ಆಯಿತು. ಆ ದಾರಿ ಪೂರ್ತಿ ಮುಚ್ಚಿಲ್ಲ.

ಇಂಗ್ಲಿಷರು ಫ್ರೆಂಚಿನ ‘ಪ್ರಿಂಟ್’ಗೆ ಏನು ಮಾಡಿದರು? ಇದನ್ನೇ! ಅದರ ಬಾಲಕ್ಕೆ ತಮ್ಮ ‘ಇ-ಡಿ’ ಕಟ್ಟಿದರು. ‘ಪ್ರಿಂಟೆಡ್’ ಆಯಿತು. ಫ್ರೆಂಚಿನ ವ್ಯಾಕರಣ ಕಡಲಿನಾಚೆಗೇ ಉಳಿಯಿತು. ಆಗ ಇಂಗ್ಲಿಷ್ ಏನು ದೊಡ್ಡ ಭಾಷೆ ಆಗಿತ್ತು ಅಂತ ತಿಳಿಯಬೇಡಿರಿ. ಅರಮನೆಯಲ್ಲಿ ಫ್ರೆಂಚ್, ಚರ್ಚಿನಲ್ಲಿ ಲ್ಯಾಟಿನ್, ಹೊಲದಲ್ಲಿ ಇಂಗ್ಲಿಷ್. ಕೋರ್ಟಿಗೆ ಹೋದ ಬಡವನಿಗೆ ತನ್ನ ಪರವಾಗಿ ವಕೀಲ ಏನು ಹೇಳುತ್ತಿದ್ದಾನೆ, ವಿರುದ್ಧ ಏನು ಹೇಳುತ್ತಿದ್ದಾನೆ ತಿಳಿಯುತ್ತಿರಲಿಲ್ಲ. ೧೩೬೨ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನು ಮಾಡಿತು: ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು, ಯಾಕೆಂದರೆ ಫ್ರೆಂಚು ಜನರಿಗೆ ತಿಳಿಯುವುದಿಲ್ಲ. ತಮಾಷೆ ಏನೆಂದರೆ ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ! ಕನ್ನಡ ಕಡ್ಡಾಯ ಅನ್ನುವ ಸುತ್ತೋಲೆ ಇಂಗ್ಲಿಷಿನಲ್ಲಿ ಬಂದರೆ ಹೇಗೆ, ಹಾಗೆ. ೧೯೮೨ರಲ್ಲಿ ಗೋಕಾಕ ಚಳವಳಿಗೆ ಇದೇ ಧಾರವಾಡ ನೆಲದಿಂದ ಕಿಡಿ ಹಾರಿದಾಗ ಇಂಗ್ಲಿಷ್ ಪೇಪರಿನವರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕಾಗಿತ್ತು ಅಂತ ನನಗೆ ಆಗಾಗ ಅನಿಸುತ್ತದೆ. ಬಿಡ್ರಿ.

ಇನ್ನು ಸ್ಪೆಲಿಂಗ್. ಪಿ-ಆರ್-ಐ-ಎನ್-ಟಿ. ಇದು ಸುಲಭದ್ದು. ಆದರೆ ಇದೂ ಒಂದೇ ಸಲಕ್ಕೆ ಹೀಗೆ ಕೂತದ್ದಲ್ಲ. ಹಳೆಯ ಬರಹಗಳಲ್ಲಿ ‘ಐ’ ಇದ್ದ ಕಡೆ ‘ಇ’ ಇದೆ, ಇನ್ನೊಂದು ಕಡೆ ‘ವೈ’ ಇದೆ, ಕೊನೆಗೆ ಬೇಕಿಲ್ಲದ ಒಂದು ‘ಇ’ ಜೋತು ಬಿದ್ದಿದೆ. ಚಾಸರನ ಪ್ರತಿಗಳಲ್ಲಿ ಓದಿದರೆ ‘ಪ್ರೆಂಟೆ’ ಅನ್ನಬೇಕು. ಬರೆಯುವವನ ಬಾಯಿ ಹೇಗೋ ಸ್ಪೆಲಿಂಗ್ ಹಾಗೆ. ಅದನ್ನೆಲ್ಲ ಒಂದು ಹದಕ್ಕೆ ತಂದವರು ಯಾರು? ನನ್ನಂಥವರು! ಪ್ರೆಸ್ಸಿನವರು, ಮೊಳೆ ಜೋಡಿಸುವವರು. ಒಂದೊಂದು ಕಡೆ ಕೆಡಿಸಿದವರೂ ಅವರೇ. ಕ್ಯಾಕ್ಸ್‌ಟನ್ ಕೆಲಸ ಕಲಿತದ್ದು ಜರ್ಮನಿಯ ಕಲೋನಿನಲ್ಲಿ, ಮೊದಲು ಪ್ರೆಸ್ ನಡೆಸಿದ್ದು ಈಗಿನ ಬೆಲ್ಜಿಯಮ್ಮಿನ ಬ್ರೂಜ್ ಊರಿನಲ್ಲಿ. ಆ ಕಡೆಯ ಫ್ಲೆಮಿಶ್ ರೂಢಿಯಿಂದಲೇ ‘ಗೋಸ್ಟ್’ ಶಬ್ದದೊಳಗೆ ಒಂದು ‘ಎಚ್’ ಸೇರಿತು ಅನ್ನುತ್ತಾರೆ ವಿದ್ವಾಂಸರು. ದೆವ್ವದ ಹೊಟ್ಟೆಯಲ್ಲಿ ಇನ್ನೊಂದು ದೆವ್ವ! ಐದುನೂರು ವರ್ಷ ಆದರೂ ಬಿಟ್ಟುಹೋಗಿಲ್ಲ. ಸಾಲಕ್ಕೆ ‘ಡೆಟ್’ ಅನ್ನುತ್ತಾರಲ್ಲ, ಅದರೊಳಗಿನ ‘ಬಿ’ಯನ್ನು ಯಾರೂ ಉಚ್ಚರಿಸುವುದಿಲ್ಲ. ಮೊದಲು ಇರಲೂ ಇಲ್ಲ. ಲ್ಯಾಟಿನ್ನಿನ ಹಾಗೆ ಕಾಣಲಿ ಅಂತ ಪಂಡಿತರು ಆಮೇಲೆ ತುರುಕಿದರು. ನಾಲ್ಕನೇ ಇಯತ್ತೆಯಲ್ಲಿ ನೀವು ಕೈ ಮೇಲೆ ರೂಲುಕಟ್ಟಿಗೆಯ ಏಟು ತಿಂದದ್ದು ಇಂಥ ಪಂಡಿತರ ಶೋಕಿಗಾಗಿ!

ಕ್ಯಾಕ್ಸ್‌ಟನ್ ೧೪೯೦ರಲ್ಲಿ ತಾನು ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಒಂದು ಪ್ರಸಂಗ ಬರೆದಿದ್ದಾನೆ. ಉತ್ತರದ ಕಡೆಯ ವ್ಯಾಪಾರಿಗಳ ಹಡಗು ಥೇಮ್ಸ್ ನದಿಯಲ್ಲಿ ಗಾಳಿಗಾಗಿ ಕಾಯುತ್ತ ನಿಂತಿತ್ತು. ಹಸಿದ ಒಬ್ಬ ದಂಡೆಗಿಳಿದು ಒಂದು ಮನೆಗೆ ಹೋಗಿ ತತ್ತಿ ಕೇಳಿದ. ತನ್ನ ಕಡೆಯ ಮಾತಿನಲ್ಲಿ ‘ಎಗ್ಸ್’ ಅಂದ. ಮನೆಯಾಕಿ, ನನಗೆ ಫ್ರೆಂಚ್ ಬರುವುದಿಲ್ಲಪ್ಪ ಅಂದಳು! ಅವನಿಗೆ ಸಿಟ್ಟು ಬಂತು, ಯಾಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ‘ಐರನ್’ ಬೇಕು ಅಂದಾಗ ಆಕೆಗೆ ಗೊತ್ತಾಯಿತು. ದಕ್ಷಿಣದವರು ತತ್ತಿಗೆ ಹಾಗೆ ಅನ್ನುತ್ತಿದ್ದರು. ನಾನು ಯಾವುದನ್ನು ಅಚ್ಚು ಹಾಕಲಿ ಅಂತ ಕ್ಯಾಕ್ಸ್‌ಟನ್ ತಲೆ ಕೆರೆದುಕೊಳ್ಳುತ್ತಾನೆ. ನಮ್ಮವರು ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ‘ತತ್ತಿ’ ಕೇಳಿದಾಗ, ಅಂಗಡಿಯವ ಪಿಳಿಪಿಳಿ ನೋಡಿ ಆಮೇಲೆ ‘ಓ, ಮೊಟ್ಟೆನಾ?’ ಅಂದದ್ದು ಈ ಸಭೆಯಲ್ಲಿ ಎಷ್ಟು ಜನರಿಗೆ ಆಗಿಲ್ಲ, ಕೈ ಎತ್ತಿರಿ! ಹುಬ್ಬಳ್ಳಿ ಕನ್ನಡ, ಮೈಸೂರು ಕನ್ನಡ, ಮಂಗಳೂರು ಕನ್ನಡ ಬೇರೆ ಬೇರೆ, ನಿಮ್ಮ ಕನ್ನಡ ಒಂದೇ ಅಲ್ಲ ಅಂತ ಹೀಯಾಳಿಸುವವರಿಗೆ ಈ ತತ್ತಿಯ ಕಥೆ ಹೇಳಿರಿ. ಇಂಗ್ಲಿಷಿಗೂ ಒಂದು ತತ್ತಿ ಆರಿಸಿಕೊಳ್ಳಲಿಕ್ಕೆ ಪ್ರೆಸ್ ಬರಬೇಕಾಯಿತು.

ಅರ್ಥ ಹೇಗೆ ಬೆಳೆಯಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಲಿನ ಗುರುತು ಪುಸ್ತಕಕ್ಕೆ ಬಂತು. ಪುಸ್ತಕದಿಂದ ಬಟ್ಟೆಗೆ ಹೋಯಿತು, ಪ್ರಿಂಟ್ ಸೀರೆ ಆಯಿತು. ನಮ್ಮ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಮಾಡುತ್ತಾರೆ. ಬಿಳಿ ಪಟ್ಟಿಯ ಎರಡೂ ಬದಿಗೆ ಅಶೋಕ ಚಕ್ರ ಒತ್ತಬೇಕು. ಈ ಬದಿಯ ಗೆರೆಯ ಹಿಂದೆ ಆ ಬದಿಯ ಗೆರೆ ಕೂದಲೆಳೆಯಷ್ಟೂ ಜರುಗದ ಹಾಗೆ ಕೂಡಬೇಕು. ಕಾಗದದ ಮೇಲೆ ಎರಡು ಬಣ್ಣ ಕೂಡಿಸಲಿಕ್ಕೇ ಬೆವರುವ ನಾನು ಅವರಿಗೆ ಕೈ ಮುಗಿಯುತ್ತೇನೆ. ಬಟ್ಟೆಯಿಂದ ಶಬ್ದ ಫೋಟೊಕ್ಕೆ ಹೋಯಿತು, ಬೆರಳಚ್ಚಿಗೆ ಹೋಯಿತು. ಕಡೆಗೆ ಕಂಪ್ಯೂಟರಿಗೆ. ವಿದ್ಯಾನಗರದ ಇಂಜಿನಿಯರಿಂಗ್ ಹುಡುಗರು ಪ್ರೋಗ್ರಾಮಿನಲ್ಲಿ ಕಲಿಯುವ ಮೊದಲ ಆಜ್ಞೆ ‘ಪ್ರಿಂಟ್’. ಆದರೆ ಅದನ್ನು ಬರೆದರೆ ಅಕ್ಷರ ಬರೀ ಪರದೆಯ ಮೇಲೆ ಬರುತ್ತದೆ. ಕಾಗದ ಎಲ್ಲಿ? ೧೯೬೪ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಮಾಡಿದಾಗ ಹುಡುಗರ ಮುಂದೆ ಇದ್ದದ್ದು ಟೆಲಿಪ್ರಿಂಟರ್. ಉತ್ತರ ನಿಜವಾಗಿ ಕಾಗದದ ಮೇಲೆ ಟಕಟಕ ಅಂತ ಒತ್ತಿ ಬರುತ್ತಿತ್ತು. ಕಾಗದ ಹೋಯಿತು, ಶಬ್ದ ಉಳಿಯಿತು. ಅದೇ ಕಂಪ್ಯೂಟರನ್ನು ಕನ್ನಡಕ್ಕೆ ತಿರುಗಿಸಿ ನೋಡಿರಿ, ಅಲ್ಲಿ ‘ಮುದ್ರಿಸು’ ಅಂತ ಬರುತ್ತದೆ. ನಿಮ್ಮಲ್ಲಿ ಎಷ್ಟು ಜನ ತಿರುಗಿಸಿದ್ದೀರಿ?

ಈಗ ಮನೆಯ ಮಾತು. ಹೊರಗಿನವರು ಯಾರೂ ಇಲ್ಲ, ಆದ್ದರಿಂದ ಹೇಳುತ್ತೇನೆ.

ಲಗ್ನಪತ್ರಿಕೆಯ ಕರಡು ಕೊಟ್ಟರೆ ಗಿರಾಕಿಗಳು ಮೊದಲು ನೋಡುವುದು ಇಂಗ್ಲಿಷ್ ಬದಿ. ಹುಡುಗನ ಹೆಸರಿನಲ್ಲಿ ‘ಎಚ್’ ಒಂದು ಹೆಚ್ಚಾಗಿದ್ದರೆ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ. ಕನ್ನಡದ ಬದಿಯಲ್ಲಿ ‘ಆಶಿರ್ವಾದ’ ಅಂತ ಅವರೇ ಬರೆದು ಕೊಟ್ಟದ್ದನ್ನು ತೋರಿಸಿ ‘ಶೀ ದೀರ್ಘ ಆಗಬೇಕಲ್ರಿ’ ಅಂದರೆ ‘ಇರಲಿ ಬಿಡ್ರಿ, ಯಾರ್ ನೋಡ್ತಾರ’ ಅಂತ ನಗುತ್ತಾರೆ. ಅವರನ್ನು ಬಿಡಿರಿ, ಅವರೇನು ಕನ್ನಡದ ಗುತ್ತಿಗೆ ಹಿಡಿದವರಲ್ಲ. ನಾವು? ನವೆಂಬರ್ ಬಂದರೆ ಚನ್ನಮ್ಮ ಸರ್ಕಲ್ಲಿನಲ್ಲಿ ನಮ್ಮ ಹುಡುಗರ ಫ್ಲೆಕ್ಸುಗಳು. ಆಳೆತ್ತರದ ಅಕ್ಷರ, ಕೆಂಪು ಹಳದಿ ಬಣ್ಣ, ಮಧ್ಯೆ ಭುವನೇಶ್ವರಿ ತಾಯಿ. ಮೇಲೆ ಏನು ಬರೆದಿದೆ? ‘ಕನ್ನಡ ರಾಜೋತ್ಸವದ ಹಾರ್ಧಿಕ ಶುಭಾಶಯಗಳು’! ರಾಜ್ಯದ ‘ಯ’ ಒತ್ತು ಮಾಯ! ರಾಜ್ಯದ ಹಬ್ಬ ಹೋಗಿ ರಾಜನ ಹಬ್ಬ ಆಯಿತು. ‘ಹಾರ್ದಿಕ’ದ ದಕಾರಕ್ಕೆ ಇಲ್ಲದ ಹೊಟ್ಟೆ ಸೀಳಿದ್ದಾರೆ. ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿದರೆ ನಾಚಿಕೆ, ಕನ್ನಡದಲ್ಲಿ ತಪ್ಪಿದರೆ ನಗೆ. ಇದು ಯಾವ ಸೀಮೆಯ ಅಭಿಮಾನ?

ಒತ್ತು ಅಂದೆ. ಪ್ರಿಂಟ್ ಅಂದರೂ ಒತ್ತು, ಅಕ್ಷರದ ಕೆಳಗೆ ಕೂಡುವುದೂ ಒತ್ತು. ಮೊಳೆ ಜೋಡಿಸುವ ಕಾಲದಲ್ಲಿ ಒತ್ತುಗಳಿಗೆ ಬೇರೆ ಮೊಳೆ ಇರುತ್ತಿದ್ದವು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಸಣ್ಣದು ಕೂಡಿ ಐವತ್ತೆರಡು, ಮೇಲೆ ಚಿಹ್ನೆ, ಅಂಕಿ. ಕನ್ನಡದ ಕೇಸಿನಲ್ಲಿ ನೂರಾರು ಮನೆ. ನಮ್ಮ ತಂದೆಯವರ ಕಾಲದಿಂದ ಇದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೈ ಹಾಕಿದರೂ ‘ತ’ ಒತ್ತೇ ಬೆರಳಿಗೆ ಸಿಗುತ್ತಿತ್ತು. ಸಣ್ಣ ಸೀಸದ ತುಂಡು ಅದು, ಬೇಗ ಸವೆಯುತ್ತಿತ್ತು, ಮುರಿಯುತ್ತಿತ್ತು. ಆದರೂ ಒತ್ತು ಇಲ್ಲದ ಪುಟವನ್ನು ಅವರು ಯಂತ್ರಕ್ಕೆ ಏರಿಸಲಿಕ್ಕೆ ಬಿಡುತ್ತಿರಲಿಲ್ಲ. ಈಗ ಒಂದು ಕೀಲಿ ಒತ್ತಿದರೆ ಒತ್ತು ಬರುತ್ತದೆ, ನಮಗೆ ಅಷ್ಟೂ ಬೇಸರ!

ನಮ್ಮ ಊರಿನ ಹೆಸರನ್ನೇ ನೋಡ್ರಿ. ಹುಬ್ಬಳ್ಳಿಯಲ್ಲಿ ಎರಡು ಒತ್ತು, ‘ಬ’ದ್ದು ಒಂದು, ‘ಳ’ದ್ದು ಒಂದು. ಇಂಗ್ಲಿಷರು ಎರಡನ್ನೂ ಕಿತ್ತು ‘ಹುಬ್ಲಿ’ ಮಾಡಿ ಹೋದರು. ೨೦೧೪ರ ನವೆಂಬರ್ ೧ಕ್ಕೆ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲಿಂಗ್ ತಿದ್ದಿದಾಗ ನಮ್ಮ ಒತ್ತು ನಮಗೆ ವಾಪಸು ಬಂತು. ಲೆಟರ್‌ಹೆಡ್ಡು, ಬಿಲ್ ಬುಕ್ಕು ಹೊಸದಾಗಿ ಹಾಕಿಸಲಿಕ್ಕೆ ಜನ ಬಂದರು, ನನಗೂ ನಾಲ್ಕು ಕಾಸು ಆಯಿತು, ಸುಳ್ಳು ಯಾಕೆ ಹೇಳಲಿ. ಇಂಗ್ಲಿಷಿನಲ್ಲಿ ತರಿಸಿಕೊಂಡ ಒತ್ತನ್ನು ಕನ್ನಡದ ಫ್ಲೆಕ್ಸಿನಲ್ಲಿ ನಾವೇ ಕಳೆಯುತ್ತಿದ್ದೇವೆ.

ಹಾಗಾದರೆ ‘ಪ್ರಿಂಟ್’ ಅನ್ನಲೇಬಾರದೇನ್ರಿ ಅಂತ ಒಬ್ಬ ತಮ್ಮ ಚೀಟಿ ಕಳಿಸಿದ್ದಾನೆ. ಅನ್ನು ತಮ್ಮಾ, ಧಾರಾಳ ಅನ್ನು. ಆಫ್‌ಸೆಟ್ಟಿಗೆ, ಪ್ಲೇಟಿಗೆ ನಾನೂ ಕನ್ನಡ ಹುಡುಕುತ್ತ ಕೂಡುವುದಿಲ್ಲ, ಗಿರಾಕಿ ಎದ್ದು ಹೋಗುತ್ತಾನೆ. ಆದರೆ ಅಂದಾಗ ಬಸ್ಸು, ಬ್ಯಾಂಕು, ಕಾರು ಅಂದ ಹಾಗೆ ‘ಪ್ರಿಂಟು’ ಅನ್ನು, ಕೊನೆಗೆ ಕನ್ನಡದ ಸ್ವರ ಹಚ್ಚು. ಐದರಲ್ಲಿ ಮೂರು ಸಲವಾದರೂ ‘ಅಚ್ಚು ಹಾಕ್ರಿ’ ಅನ್ನು. ನಿನ್ನ ಬಾಯಲ್ಲಿ ಕೇಳಿ ಕೇಳಿ ಕೌಂಟರಿನಲ್ಲಿ ಕೂತ ನನ್ನ ಹುಡುಗನೂ ಅನ್ನುತ್ತಾನೆ. ಅವನಿಗೆ ನಾನು ಹೇಳಿದರೆ ನಾಟುವುದಿಲ್ಲ, ಗಿರಾಕಿ ಹೇಳಿದರೆ ನಾಟುತ್ತದೆ.

ಇನ್ನೊಂದು. ಈ ಸಲದ ರಾಜ್ಯೋತ್ಸವದ ಫ್ಲೆಕ್ಸು ಎಲ್ಲಿಯೇ ಹಾಕಿಸಿರಿ, ನನ್ನಲ್ಲೇ ಹಾಕಿಸಬೇಕು ಅಂತ ಏನಿಲ್ಲ. ಕರಡು ಮಾತ್ರ ಎರಡು ದಿನ ಮೊದಲು ತಂದು ತೋರಿಸಿರಿ. ತಿದ್ದಿ ಕೊಡುತ್ತೇನೆ, ಒಂದು ಪೈಸೆ ಬೇಡ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಡಿರಿ, ಒತ್ತು ಸರಿಯಾಗಿ ಕಾಣುವುದಿಲ್ಲ. ಪೆನ್‌ಡ್ರೈವಿನಲ್ಲಿ ತರುವುದಾದರೆ ಯೂನಿಕೋಡಿನಲ್ಲಿ ತನ್ನಿರಿ. ಹಳೆಯ ಫಾಂಟಿನಲ್ಲಿ ತಂದರೆ ನನ್ನ 컴... ಯಂತ್ರದಲ್ಲಿ ತೆರೆಯುವಷ್ಟರಲ್ಲಿ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ ಜಿಗಿದಿರುತ್ತವೆ. ಸಂಜೆ ಏಳರ ನಂತರ ಬಂದರೆ ಯಂತ್ರದ ಗದ್ದಲ ಇರುವುದಿಲ್ಲ, ಕೂತು ಸಾವಕಾಶ ನೋಡಬಹುದು.